ಹೊಟ್ಟೆಯ ನಡುವಿನ ಸಂದು: ಬೆಲ್ಟ್ ಬೇಕಾ, ವ್ಯಾಯಾಮ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 29 ವರ್ಷ. ಸೇಡಂ ಹತ್ತಿರದ ಹಳ್ಳಿಯವಳು, ಶಾಲೆಯಲ್ಲಿ ಶಿಕ್ಷಕಿ. ಎರಡನೇ ಮಗು ಹುಟ್ಟಿ ಏಳು ತಿಂಗಳಾಯಿತು. ಮೊದಲನೆಯದು ನಾರ್ಮಲ್, ಇದು ಸಿಸೇರಿಯನ್. ತೂಕ ಹೆಚ್ಚುಕಡಿಮೆ ಮೊದಲಿನಷ್ಟಕ್ಕೇ ಬಂದಿದೆ, ಹೊಟ್ಟೆ ಮಾತ್ರ ಇಳಿದಿಲ್ಲ. ಮದುವೆ ಮನೆಗೆ ಹೋದರೆ "ಮತ್ತ ಎಷ್ಟ್ ತಿಂಗಳಾತವ್ವಾ?" ಅಂತ ಕೇಳುತ್ತಾರೆ. ಮಲಗಿದ್ದವಳು ಏಳುವಾಗ ಹೊಕ್ಕುಳ ಮೇಲೆ ಉದ್ದಕ್ಕೆ ದಿಬ್ಬದ ಹಾಗೆ ಉಬ್ಬುತ್ತದೆ. ಬೆರಳಿಟ್ಟರೆ ನಡುವೆ ಎರಡೂವರೆ ಬೆರಳು ಸಂದು ಇದೆ. ಕೆಮ್ಮಿದರೆ ಒಂದೆರಡು ಹನಿ ಮೂತ್ರ ಹೋಗುತ್ತದೆ. ಸೊಂಟನೋವೂ ಇದೆ. ಬಾಣಂತನದಲ್ಲಿ ಹೊಟ್ಟೆ ಸರಿಯಾಗಿ ಕಟ್ಟಿಸಿಕೊಳ್ಳಲಿಲ್ಲ, ಅದಕ್ಕೇ ಹೀಗೆ ಅನ್ನುತ್ತಾರೆ ನಮ್ಮ ಅತ್ತೆ. ಗೆಳತಿ ಬೆಲ್ಟ್ ತಗೋ ಅನ್ನುತ್ತಾಳೆ. ಯೂಟ್ಯೂಬಿನಲ್ಲಿ ಒಬ್ಬರು ಕ್ರಂಚಸ್ (ಅಂಗಾತ ಮಲಗಿ ತಲೆ, ಭುಜ ಎತ್ತುವ ವ್ಯಾಯಾಮ) ಮಾಡಿ ಅಂದರೆ, ಇನ್ನೊಬ್ಬರು ಮಾಡಿದರೆ ಹೊಟ್ಟೆ ಹರಿದೇ ಹೋಗುತ್ತದೆ ಅನ್ನುತ್ತಾರೆ. ಆಪರೇಷನ್ ಬೇಕಾಗುತ್ತಾ? ಈಗ ಕೊಡ ಎತ್ತುವುದಕ್ಕೂ ಹೆದರಿಕೆಯಾಗುತ್ತಿದೆ.

ಉತ್ತರ: ಆಪರೇಷನ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಏಳು ತಿಂಗಳಿಗೆ, ಎರಡೂವರೆ ಬೆರಳಿನ ಸಂದಿಗೆ ಆ ಯೋಚನೆಯೇ ಬೇಡ. ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ನೀವು ಬೆರಳಿಟ್ಟು ಅಳೆಯುತ್ತಿರುವ ಆ ಅಗಲ ಇದೆಯಲ್ಲ, ಅದರ ಹಿಂದೆ ಬೀಳಬೇಡಿ. ನನ್ನ ಹತ್ತಿರ ಬರುವ ಬಾಣಂತಿಯರಲ್ಲಿ ಬಹಳ ಜನ ದಿನಕ್ಕೆ ನಾಲ್ಕು ಸಲ ಮಲಗಿ ಬೆರಳಿಟ್ಟು ನೋಡಿಕೊಳ್ಳುತ್ತಾರೆ. ಅರ್ಧ ಬೆರಳು ಕಡಿಮೆಯಾದರೆ ಹಬ್ಬ, ಆಗದಿದ್ದರೆ ಅಳು. ನೋಡಬೇಕಾದದ್ದು ಬೇರೆ. ಯಾಕೆ ಅಂತ ಹೇಳುತ್ತೇನೆ.

ನಮ್ಮ ಹೊಟ್ಟೆಯ ಮುಂಭಾಗದಲ್ಲಿ ಎದೆಗೂಡಿನಿಂದ ಕೆಳಹೊಟ್ಟೆಯ ಎಲುಬಿನವರೆಗೆ ಎರಡು ಉದ್ದನೆಯ ಸ್ನಾಯುಗಳಿವೆ. ಸಿನಿಮಾ ನಟರು ತೋರಿಸುವ ಸಿಕ್ಸ್ ಪ್ಯಾಕ್ ಇವೇ. ಹೆಸರು ರೆಕ್ಟಸ್ ಅಬ್ಡಾಮಿನಿಸ್. ಎಡಕ್ಕೊಂದು, ಬಲಕ್ಕೊಂದು. ಇವೆರಡನ್ನೂ ನಡುವೆ ಜೋಡಿಸುವುದು ಲೀನಿಯಾ ಆಲ್ಬಾ ಅನ್ನುವ ಬಿಳಿ ಪಟ್ಟಿ. ಅದು ಸ್ನಾಯು ಅಲ್ಲ, ಕೊಲಾಜನ್ ಎಳೆಗಳ ಹೆಣಿಗೆ. ಬಸುರಿನಲ್ಲಿ ಗರ್ಭಕೋಶ ಬೆಳೆದ ಹಾಗೆ, ಹಾರ್ಮೋನುಗಳೂ ಸೇರಿ, ಈ ಪಟ್ಟಿ ಅಗಲವಾಗಿ ತೆಳ್ಳಗಾಗುತ್ತದೆ. ಎರಡೂ ಸ್ನಾಯು ದೂರ ಸರಿಯುತ್ತವೆ. ಇದಕ್ಕೇ ಡಯಾಸ್ಟಾಸಿಸ್ ರೆಕ್ಟೈ ಅನ್ನುತ್ತಾರೆ. ಏನೂ ಹರಿದಿಲ್ಲ, ತೂತೂ ಬಿದ್ದಿಲ್ಲ. ತೂತು ಬಿದ್ದು ಒಳಗಿನದು ಹೊರಗೆ ತಳ್ಳಿಕೊಂಡರೆ ಅದು ಹರ್ನಿಯಾ. ಅದರ ಮಾತು ಬೇರೆ, ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಪಟ್ಟಿ ಹೆಣೆದ ಹೊರಸು ಇದ್ದೇ ಇರುತ್ತದೆ. ಅದರ ಎರಡು ಗಳುಗಳ ನಡುವೆ ಎಷ್ಟು ಅಗಲ ಇದೆ ಅನ್ನುವುದು ಮಲಗುವವರಿಗೆ ತೊಂದರೆ ಕೊಡುವುದಿಲ್ಲ. ಹೆಣಿಗೆ ಸಡಿಲವಾಗಿ ಜೋತು ಬಿದ್ದರೆ ಮಾತ್ರ ಬೆನ್ನು ನೆಲ ಮುಟ್ಟುತ್ತದೆ. ಹೊಟ್ಟೆಯದೂ ಹಾಗೇ. ಎರಡು ಬೆರಳು ಸಂದಿದ್ದರೂ ನಡುವಿನ ಪಟ್ಟಿ ಬಿಗಿಯಾಗಿ ನಿಂತರೆ ನೀವು ಕೊಡ ಎತ್ತಬಹುದು, ಮಗು ಎತ್ತಬಹುದು, ಓಡಬಹುದು. ಸಂದು ಒಂದೂವರೆ ಬೆರಳೇ ಇದ್ದು ಪಟ್ಟಿ ಸಡಿಲವಿದ್ದರೆ ಹೊಟ್ಟೆ ಉಬ್ಬುತ್ತದೆ, ಬಲ ಸಿಗುವುದಿಲ್ಲ.

ಹಾಗಾಗಿ ಪರೀಕ್ಷೆಯನ್ನು ಸ್ವಲ್ಪ ಬೇರೆ ರೀತಿ ಮಾಡಿ. ಬೆಳಿಗ್ಗೆ, ಊಟಕ್ಕೆ ಮುಂಚೆ, ಅಂಗಾತ ಮಲಗಿ ಮಂಡಿ ಮಡಚಿ. ಹೊಕ್ಕುಳ ಮೇಲೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು ತಲೆ ಮಾತ್ರ ಸ್ವಲ್ಪ ಎತ್ತಿ. ಎರಡು ಕಡೆಯ ಸ್ನಾಯುವಿನ ಅಂಚು ಸಿಗುತ್ತದೆ. ಹೊಕ್ಕುಳಿಂದ ಮೂರು ಬೆರಳು ಮೇಲೆ, ಮೂರು ಬೆರಳು ಕೆಳಗೆ ಕೂಡ ನೋಡಿ. ಅಗಲ ನೋಡಿದ ಮೇಲೆ ಬೆರಳನ್ನು ಮೆಲ್ಲಗೆ ಒತ್ತಿ. ಮೆತ್ತಗೆ ಆಳಕ್ಕೆ ಇಳಿಯುತ್ತದಾ, ಅಥವಾ ಬಿಗಿಯಾಗಿ ತಡೆಯುತ್ತದಾ? ಈಗ ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಸ್ವಲ್ಪ ಒಳಗೆ ಎಳೆದುಕೊಂಡು ಮತ್ತೆ ತಲೆ ಎತ್ತಿ. ಮೊದಲಿಗಿಂತ ಬಿಗಿ ಜಾಸ್ತಿ ಆಯಿತಾ? ಹಾಗೆ ಆಗಿದ್ದರೆ ಅದು ಬಹಳ ಒಳ್ಳೆಯ ಲಕ್ಷಣ. ಹೊಟ್ಟೆ ವ್ಯಾಯಾಮಕ್ಕೆ ಸ್ಪಂದಿಸುತ್ತದೆ ಅಂತ ಅರ್ಥ. ಈ ಪರೀಕ್ಷೆ ತಿಂಗಳಿಗೊಮ್ಮೆ ಸಾಕು. ಸಾಮಾನ್ಯವಾಗಿ ಎರಡು ಬೆರಳಿಗಿಂತ ಹೆಚ್ಚಿದ್ದರೆ ಸಂದು ಇದೆ ಅನ್ನುತ್ತೇವೆ. ಆದರೆ ಒಬ್ಬೊಬ್ಬರ ಬೆರಳು ಒಂದೊಂದು ಗಾತ್ರ, ಅಲ್ವಾ?

ನಿಮಗೊಬ್ಬರಿಗೇ ಹೀಗಾಗಿದೆ ಅಂದುಕೊಳ್ಳಬೇಡಿ. ನಾರ್ವೆ ದೇಶದಲ್ಲಿ ಮೊದಲ ಸಲ ತಾಯಿಯಾದ 300 ಜನರನ್ನು ಹೆರಿಗೆಯಾಗಿ ಒಂದು ವರ್ಷದವರೆಗೆ ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆರು ವಾರಕ್ಕೆ 100ರಲ್ಲಿ 60 ಜನರಿಗೆ ಸಂದು ಇತ್ತು. ಆರು ತಿಂಗಳಿಗೆ 45 ಜನರಿಗೆ. ವರ್ಷ ತುಂಬಿದ ಮೇಲೂ ಸುಮಾರು 33 ಜನರಿಗೆ ಇತ್ತು, ಹೆಚ್ಚಿನವರದು ಸಣ್ಣ ಪ್ರಮಾಣದ್ದು. ಅಲ್ಲಿ ನಮ್ಮ ಹಾಗೆ ಹೊಟ್ಟೆ ಕಟ್ಟಿ ಬಾಣಂತನ ಮಾಡುವ ವಾಡಿಕೆ ಇಲ್ಲ, ಆದರೂ ಬಹಳ ಜನರ ಸಂದು ಕಡಿಮೆಯಾಗಿದೆ. ಅದೇ ಅಧ್ಯಯನದಲ್ಲಿ ಇನ್ನೊಂದು ಗೊತ್ತಾಯಿತು. ಸಂದು ಇದ್ದವರಿಗೆ ಇಲ್ಲದವರಿಗಿಂತ ಸೊಂಟನೋವು ಹೆಚ್ಚೇನೂ ಇರಲಿಲ್ಲ. ಅಂದರೆ ನಿಮ್ಮ ಸೊಂಟನೋವಿಗೆ ಸಂದೇ ಕಾರಣ ಅಂತ ಹೇಳಲಾಗುವುದಿಲ್ಲ. ಬಗ್ಗಿ ಕೂತು ಹಾಲು ಕುಡಿಸುವುದು, ಮಗುವನ್ನು ಒಂದೇ ಕಡೆ ಎತ್ತಿಕೊಳ್ಳುವುದು, ದಿನವಿಡೀ ಬೋರ್ಡ್ ಮುಂದೆ ನಿಲ್ಲುವುದು, ನಿದ್ದೆ ಇಲ್ಲದಿರುವುದು, ಎಲ್ಲ ಸೇರಿ ಆಗಿರುತ್ತದೆ. ಹಾಲು ಕುಡಿಸುವಾಗ ಬೆನ್ನಿಗೊಂದು, ಮಗುವಿನ ಕೆಳಗೊಂದು ದಿಂಬು ಇಟ್ಟುಕೊಳ್ಳಿ. ಮಗುವನ್ನು ಎದೆಗೆ ತನ್ನಿ, ಎದೆಯನ್ನು ಮಗುವಿನ ಕಡೆ ಬಗ್ಗಿಸಬೇಡಿ.

ಇನ್ನು ಅತ್ತೆಯವರ ಮಾತು. ನಮ್ಮ ಕಡೆ ಬಾಣಂತಿಗೆ ಹಳೆ ಸೀರೆ ಅಥವಾ ಧೋತರ ಹರಿದು ಹೊಟ್ಟೆ ಬಿಗಿದು ಕಟ್ಟುವ ಪದ್ಧತಿ ಬಹಳ ಹಳೆಯದು. ಅದರಲ್ಲಿ ಒಳ್ಳೆಯದೂ ಇದೆ. ಮೊದಲ ಕೆಲವು ವಾರ ಹೊಟ್ಟೆ ಜೋಲುವಾಗ ಒಂದು ಆಧಾರ ಸಿಗುತ್ತದೆ. ಸಿಸೇರಿಯನ್ ಆದವರಿಗೆ ಕೆಮ್ಮುವಾಗ, ಎದ್ದು ಓಡಾಡುವಾಗ ಗಾಯಕ್ಕೆ ಹಾಯೆನಿಸುತ್ತದೆ. ಆದರೆ ಬಟ್ಟೆಯಾಗಲಿ ಅಂಗಡಿಯ ಬೆಲ್ಟಾಗಲಿ ಆ ಬಿಳಿ ಪಟ್ಟಿಯನ್ನು ಕೂಡಿಸುವುದಿಲ್ಲ. ಬಿಚ್ಚಿದ ಮೇಲೆ ಹೊಟ್ಟೆ ಮತ್ತೆ ಹಾಗೇ. ಸ್ನಾಯು ಮಾಡಬೇಕಾದ ಕೆಲಸವನ್ನು ಬಟ್ಟೆ ಮಾಡುತ್ತಾ ಕೂತರೆ ಸ್ನಾಯು ಯಾವಾಗ ಕಲಿಯುತ್ತದೆ? ಕಟ್ಟಿಸಿಕೊಳ್ಳದೇ ಇದ್ದದ್ದಕ್ಕೆ ನಿಮಗೆ ಹೀಗಾಗಿಲ್ಲ. ಅತ್ತೆಯವರ ಜೊತೆ ಇದಕ್ಕಾಗಿ ವಾದ ಮಾಡುವುದೂ ಬೇಡ, ಅವರು ಪ್ರೀತಿಯಿಂದಲೇ ಹೇಳಿರುತ್ತಾರೆ.

ಅತಿ ಬಿಗಿ ಕಟ್ಟಿದರೆ ಮಾತ್ರ ತೊಂದರೆ. ಹೊಟ್ಟೆಯೊಳಗಿನ ಒತ್ತಡ ಎಲ್ಲಿಗೆ ಹೋಗಬೇಕು? ಕೆಳಕ್ಕೆ, ಪೆಲ್ವಿಕ್ ಫ್ಲೋರ್ ಮೇಲೆ. ಮೂತ್ರಕೋಶ, ಗರ್ಭಕೋಶ, ಗುದನಾಳವನ್ನು ಕೆಳಗಿನಿಂದ ಹೊತ್ತು ನಿಂತಿರುವ ಸ್ನಾಯುಗಳು ಅವು. ಹೆರಿಗೆಯಿಂದ ಮೊದಲೇ ಸೋತಿರುತ್ತವೆ. ನಿಮಗೆ ಕೆಮ್ಮಿದರೆ ಹನಿ ಮೂತ್ರ ಹೋಗುತ್ತದಲ್ಲ, ಅಂಥವರು ಬಿಗಿ ಬೆಲ್ಟ್ ಹಾಕುವುದು ಸರಿಯಲ್ಲ. ಜೊತೆಗೆ ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತೇ ಇದೆ, 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ದಪ್ಪ ಬೆಲ್ಟ್ ಕಟ್ಟಿಕೊಂಡು ಬೆವರುಸಾಲೆ ಎದ್ದು, ಸಿಸೇರಿಯನ್ ಗಾಯದ ಮಡಿಕೆ ಕೆಂಪಾಗಿ ಬಂದವರನ್ನು ಪ್ರತಿ ಬೇಸಿಗೆ ನೋಡುತ್ತೇನೆ. ಏಳು ತಿಂಗಳಿಗೆ ನಿಮಗೆ ಬೆಲ್ಟ್ ಬೇಡ. ಆ ದುಡ್ಡಿಗೆ ಒಳ್ಳೆಯ ಚಪ್ಪಲಿ ತಗೊಂಡು ಸಂಜೆ ನಡೆಯಿರಿ.

ಈಗ ಮಾಡಬೇಕಾದದ್ದು. ಎಲ್ಲದಕ್ಕೂ ಮೊದಲು ಉಸಿರು. ಹೊಟ್ಟೆಯ ಅತ್ಯಂತ ಒಳಗಿನ ಸ್ನಾಯು ಟ್ರಾನ್ಸ್‌ವರ್ಸಸ್. ಅದು ನಡುವಿನ ಸುತ್ತ ಅಡ್ಡಲಾಗಿ ಬಳಸಿದೆ. ದೇವರು ಕೊಟ್ಟ ಬೆಲ್ಟ್ ಅದೇ. ಅಂಗಾತ ಮಲಗಿ ಮಂಡಿ ಮಡಚಿ, ಮೂಗಿನಿಂದ ಉಸಿರು ತಗೊಳ್ಳಿ, ಪಕ್ಕೆಗಳು ಹರಡಲಿ. ಬಾಯಿಂದ ನಿಧಾನವಾಗಿ ಬಿಡುತ್ತಾ, ಗುದದಿಂದ ಗಾಳಿ ಹೋಗದಂತೆ ತಡೆಯುವ ಹಾಗೆ ಕೆಳಗಿನ ಆ ಪೆಲ್ವಿಕ್ ಫ್ಲೋರ್ ಸ್ನಾಯುಗಳನ್ನು ಮೇಲಕ್ಕೆ ಎಳೆದುಕೊಳ್ಳಿ. ಕೆಳಹೊಟ್ಟೆ ತಾನಾಗಿ ಸ್ವಲ್ಪ ಒಳಗೆ ಹೋಗುತ್ತದೆ. ಅಷ್ಟೇ. ಹೊಟ್ಟೆಯನ್ನು ಬೆನ್ನಿಗೆ ಅಂಟಿಸುವಂತೆ ಒಳಗೆಳೆದು ಉಸಿರು ಹಿಡಿಯುವುದು ತಪ್ಪು. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು. ಮಗುವಿಗೆ ಹಾಲು ಕುಡಿಸುತ್ತಾ ಕೂತಾಗಲೂ ಮಾಡಬಹುದು.

ಇದು ಬಂದ ಮೇಲೆ ಅದನ್ನು ದಿನದ ಕೆಲಸದೊಳಗೆ ತನ್ನಿ. ಇಪ್ಪತ್ತು ನಿಮಿಷದ ವ್ಯಾಯಾಮಕ್ಕಿಂತ ಉಳಿದ ಹೊತ್ತಿನಲ್ಲಿ ಹೇಗೆ ಏಳುತ್ತೀರಿ, ಹೇಗೆ ಎತ್ತುತ್ತೀರಿ ಅನ್ನುವುದು ದೊಡ್ಡದು. ಹೊರಸಿನಿಂದ ನೆಟ್ಟಗೆ ಜಿಗಿದು ಏಳಬೇಡಿ. ಮೊದಲು ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಡಿ, ಕೈ ಊರಿ ಏಳಿ. ಎದ್ದೇಳುವಾಗ ಕಾಣುವ ಆ ದಿಬ್ಬ ಅರ್ಧ ಇದರಿಂದಲೇ ಕಡಿಮೆಯಾಗುತ್ತದೆ. ಜೋಳದ ರೊಟ್ಟಿ ಬಡಿಯುವುದರಿಂದ ಹೊಟ್ಟೆಗೆ ಏನೂ ಆಗುವುದಿಲ್ಲ, ಅದು ಬಿಡಬೇಕಿಲ್ಲ. ತೊಂದರೆ ಇರುವುದು ಒಲೆ ಮುಂದೆ ನೆಲಕ್ಕೆ ಕೂತು ಏಳುವಲ್ಲಿ. ಒಂದು ಮಂಡಿ ಊರಿ, ಉಸಿರು ಬಿಡುತ್ತಾ ಏಳಿ. ಗ್ಯಾಸ್ ಕಟ್ಟೆ ಇದ್ದರೆ ಕೆಲವು ತಿಂಗಳು ನಿಂತೇ ಮಾಡಿ. ಕೊಡದ ವಿಷಯಕ್ಕೆ ಬಂದರೆ, ಎತ್ತಬೇಡಿ ಅಂತ ನಾನು ಹೇಳುವುದಿಲ್ಲ. ಹಳ್ಳಿಯಲ್ಲಿ ಇದ್ದು ನೀರು ಎತ್ತದೇ ನಡೆಯುತ್ತಾ? ಸದ್ಯ ತುಂಬಿದ ಕೊಡ ಸೊಂಟಕ್ಕೆ ಏರಿಸುವ ಬದಲು ಎರಡೂ ಕೈಗೆ ಅರ್ಧರ್ಧ ಬಕೆಟ್ ಹಿಡಿಯಿರಿ. ಮಂಡಿ ಬಗ್ಗಿಸಿ, ಭಾರ ಮೈಗೆ ಹತ್ತಿರ ಇಟ್ಟು, ಎತ್ತುವ ಕ್ಷಣಕ್ಕೆ ಉಸಿರು ಬಿಡಿ. ಮಗುವನ್ನು ಎತ್ತುವಾಗಲೂ ಇದೇ. ಕೆಮ್ಮು, ಸೀನು ಬರುವ ಮುಂಚೆ ಕೆಳಗಿನ ಸ್ನಾಯು ಬಿಗಿ ಹಿಡಿಯಿರಿ.

ವ್ಯಾಯಾಮ ಮೂರು ಹಂತದಲ್ಲಿ ಹೋಗಲಿ. ಮೊದಲ ಎರಡು ಮೂರು ವಾರ ಅಂಗಾತ ಮಲಗಿ ಒಂದೊಂದೇ ಹಿಮ್ಮಡಿ ಜಾರಿಸಿ ಕಾಲು ಚಾಚುವುದು, ಮಂಡಿ ಮಡಚಿ ಸೊಂಟ ಮೇಲೆತ್ತುವುದು. ಆಮೇಲೆ ಮಂಡಿ, ಕೈ ಊರಿ ಬಲಗೈ ಎಡಗಾಲು ಚಾಚುವುದು, ಮತ್ತೆ ಎಡಗೈ ಬಲಗಾಲು. ಗೋಡೆಗೆ ಕೈ ಊರಿ ದಂಡ, ಅಂದರೆ ಪುಶ್‌ಅಪ್. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಮಗುವನ್ನು ಎತ್ತಿಕೊಂಡೇ ಇದನ್ನು ಮಾಡಿದರೆ ಅದಕ್ಕೂ ಮಜಾ, ನಿಮಗೂ ಭಾರ ಸಿಗುತ್ತದೆ. ಒಂದೊಂದೂ 8ರಿಂದ 12 ಸಲ, ಎರಡು ಮೂರು ಸುತ್ತು, ವಾರದಲ್ಲಿ ನಾಲ್ಕೈದು ದಿನ. ಆರು ವಾರ ಹೀಗೆ ಮಾಡಿ ಹೊಟ್ಟೆ ಉಬ್ಬದೆ, ಹನಿ ಹೋಗದೆ ನಡೆದರೆ ಪಕ್ಕಕ್ಕೆ ಮಲಗಿ ಮೊಣಕೈ, ಮಂಡಿ ಊರಿ ಸೊಂಟ ಮೇಲೆತ್ತಿ ಹಿಡಿಯುವ ಪ್ಲ್ಯಾಂಕ್, ತಲೆ ಮತ್ತು ಭುಜ ಎತ್ತುವ ವ್ಯಾಯಾಮ ಸೇರಿಸಿ. ಮಾಡುವಾಗ ಹೊಟ್ಟೆ ನಡುವೆ ಗಟ್ಟಿ ದಿಬ್ಬ ಎದ್ದರೆ, ನೋವಾದರೆ, ಉಸಿರು ಹಿಡಿಯಬೇಕಾಗಿ ಬಂದರೆ ಆ ವ್ಯಾಯಾಮವನ್ನು ಸುಲಭ ಮಾಡಿಕೊಳ್ಳಿ, ಬಿಟ್ಟುಬಿಡಬೇಡಿ.

ತಲೆ, ಭುಜ ಎತ್ತುವುದು ಅಂದರೆ ಕ್ರಂಚಸ್ಸೇ ಅಲ್ವಾ ಮೇಡಂ ಅಂತ ಕೇಳುತ್ತೀರಿ. ಹೌದು. ಬಹಳ ವರ್ಷ ನಮ್ಮ ಕ್ಷೇತ್ರದಲ್ಲಿ ಕ್ರಂಚಸ್ ಅಂದರೆ ಸಂದು ಹಿಗ್ಗುತ್ತದೆ ಅಂತಲೇ ಹೇಳಿಕೊಡುತ್ತಿದ್ದರು. ಅದನ್ನು ಪರೀಕ್ಷಿಸಿ ನೋಡಿದವರು ಕಡಿಮೆ. 2023ರಲ್ಲಿ ನಾರ್ವೆಯವರೇ ಸಂದು ಇದ್ದ 70 ತಾಯಂದಿರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ಇದೇ ವ್ಯಾಯಾಮ ಮಾಡಿಸಿದರು. ಸಂದು ಹಿಗ್ಗಲಿಲ್ಲ. ಕುಗ್ಗಲೂ ಇಲ್ಲ. ಹೊಟ್ಟೆಯ ಶಕ್ತಿ ಮಾತ್ರ ಹೆಚ್ಚಿತು. ಇನ್ನೊಂದು ಸೋಜಿಗ ಕೇಳಿ. ಒಳಗಿನ ಟ್ರಾನ್ಸ್‌ವರ್ಸಸ್ ಬಿಗಿ ಮಾಡಿದಾಗ ಅಲ್ಟ್ರಾಸೌಂಡಿನಲ್ಲಿ ನೋಡಿದರೆ ಸಂದು ಕಿರಿದಾಗುವ ಬದಲು ತುಸು ಅಗಲವಾಗಿ ಕಾಣಬಹುದು, ಆದರೆ ನಡುವಿನ ಪಟ್ಟಿ ನೆಟ್ಟಗೆ ನಿಲ್ಲುತ್ತದೆ, ದಿಬ್ಬ ಏಳುವುದಿಲ್ಲ. ಅಗಲದ ಹಿಂದೆ ಬೀಳಬೇಡಿ ಅಂದದ್ದು ಇದಕ್ಕೇ. ಆ ಯೂಟ್ಯೂಬಿನ ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ಕ್ರಂಚಸ್ಸಿನಿಂದ ಹೊಟ್ಟೆ ಹರಿಯುವುದಿಲ್ಲ. ಸುಮ್ನೆ ದಿನಕ್ಕೆ ನೂರು ಹೊಡೆದರೆ ಹೊಟ್ಟೆ ಚಪ್ಪಟೆಯೂ ಆಗುವುದಿಲ್ಲ.

ಮೂತ್ರ ಸೋರುವುದನ್ನು ನೀವು ನಡುವೆ ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಅದು ಹೊಟ್ಟೆಯ ಉಬ್ಬಿಗಿಂತ ಮುಖ್ಯ. ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಹೆಂಗಸರು ಸಹಿಸಿಕೊಂಡು ಹೋಗುತ್ತಾರೆ. ಬೇಕಿಲ್ಲ. ವ್ಯಾಯಾಮದಿಂದ ಚೆನ್ನಾಗಿ ವಾಸಿಯಾಗುವ ತೊಂದರೆಗಳಲ್ಲಿ ಇದೂ ಒಂದು. ಕೆಳಗಿನ ಸ್ನಾಯುಗಳನ್ನು ಎಷ್ಟು ಸಾಧ್ಯವೋ ಅಷ್ಟು ಬಿಗಿಯಾಗಿ ಮೇಲಕ್ಕೆಳೆದು ಆರರಿಂದ ಎಂಟು ಸೆಕೆಂಡ್ ಹಿಡಿದು ಪೂರ್ತಿ ಸಡಿಲ ಬಿಡಿ. ಹೀಗೆ 8ರಿಂದ 12 ಸಲ, ದಿನಕ್ಕೆ ಮೂರು ಹೊತ್ತು, ಮೂರು ತಿಂಗಳು ತಪ್ಪದೆ. ತೊಡೆ, ಕುಂಡೆ ಬಿಗಿಯಬಾರದು. ಮೂತ್ರ ಮಾಡುತ್ತಾ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದ ಶಿಕ್ಷಕಿಯರು ನಮ್ಮಲ್ಲಿ ಬಹಳ. ನೀರು ಕಡಿಮೆಯಾದರೆ ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ, ಆ ಒತ್ತಡವೆಲ್ಲ ಹೊಟ್ಟೆಯ ಪಟ್ಟಿಗೂ ಕೆಳಗಿನ ಸ್ನಾಯುಗಳಿಗೂ ಬೀಳುತ್ತದೆ. ಹಾಲು ಕುಡಿಸುವವರಿಗಂತೂ ನೀರು ಇನ್ನೂ ಜಾಸ್ತಿ ಬೇಕು.

ಊಟ ಕಡಿಮೆ ಮಾಡಬೇಡಿ. ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯೆ, ಮೊಸರು, ತಿನ್ನುವವರಾದರೆ ಮೊಟ್ಟೆ, ಇದಕ್ಕಿಂತ ಒಳ್ಳೆಯ ಊಟ ಯಾವುದಿದೆ? ಏಳು ತಿಂಗಳಾದ ಮೇಲೂ ಬಾಣಂತಿ ಅಂತ ದಿನಾ ಅಂಟಿನುಂಡಿ ತಿನ್ನಿಸುತ್ತಿದ್ದರೆ ಮಾತ್ರ ಅದನ್ನು ಸ್ವಲ್ಪ ಇಳಿಸಿ.

ಸಿಸೇರಿಯನ್‌ನಲ್ಲಿ ಹೊಟ್ಟೆಯ ಸ್ನಾಯು ಕತ್ತರಿಸಿಬಿಡುತ್ತಾರೆ, ಮತ್ತೆ ಬಲ ಬರುವುದಿಲ್ಲ ಅನ್ನುವ ಭಯವೂ ಬಹಳ ಜನರಿಗಿದೆ. ಸಾಮಾನ್ಯವಾಗಿ ಚರ್ಮ, ಕೊಬ್ಬು, ಸ್ನಾಯುವಿನ ಮೇಲಿನ ಹೊದಿಕೆ ಕತ್ತರಿಸಿ, ಆ ಎರಡು ಉದ್ದ ಸ್ನಾಯುಗಳನ್ನು ನಡುವೆ ಸರಿಸಿ ಒಳಗೆ ಹೋಗುತ್ತಾರೆ. ಸ್ನಾಯುವನ್ನು ಅಡ್ಡ ಕತ್ತರಿಸುವುದಿಲ್ಲ. ಗಾಯದ ಗುರುತು ಗಟ್ಟಿಯಾಗಿ ಅಂಟಿಕೊಂಡಿದ್ದರೆ ದಿನಾ ಎರಡು ನಿಮಿಷ ಬೆರಳಿನಿಂದ ಮೇಲೆ, ಕೆಳಗೆ, ಪಕ್ಕಕ್ಕೆ ಮೆಲ್ಲಗೆ ಸರಿಸಿ ತಿಕ್ಕಿ. ಸುತ್ತ ಮರಗಟ್ಟಿದ ಹಾಗೆ ಅನ್ನಿಸುವುದು ಸಹಜ, ನಿಧಾನ ಕಡಿಮೆಯಾಗುತ್ತದೆ. ಎಣ್ಣೆ ಹಚ್ಚುವವರು ಹೊಟ್ಟೆಯನ್ನು ಜೋರಾಗಿ ಒತ್ತಿ ಮೇಲಕ್ಕೆ ಎಳೆಯುವುದು ಬೇಡ. ಅದರಿಂದ ಸಂದು ಕೂಡುವುದಿಲ್ಲ.

ಮೂರು ತಿಂಗಳು ಮಾಡಿದರೆ ಏನಾಗಬಹುದು? ಏಳುವಾಗಿನ ದಿಬ್ಬ ಕಡಿಮೆಯಾಗುತ್ತದೆ, ಹೊಟ್ಟೆಗೆ ಬಿಗಿ ಬರುತ್ತದೆ, ಎತ್ತುವ ಧೈರ್ಯ ಬರುತ್ತದೆ. ಸಂದು ಪೂರ್ತಿ ಮುಚ್ಚಬಹುದು, ಮುಚ್ಚದೆಯೂ ಇರಬಹುದು. ಜೋತು ಬಿದ್ದ ಚರ್ಮಕ್ಕೆ ವ್ಯಾಯಾಮದಲ್ಲಿ ಮದ್ದಿಲ್ಲ, ಅದನ್ನು ಸರಿ ಮಾಡುತ್ತೇನೆ ಅನ್ನುವವರನ್ನು ನಂಬಬೇಡಿ. ಸಂದು ಬಹಳ ಅಗಲವಿದ್ದು, ಹಲವು ತಿಂಗಳು ಸರಿಯಾಗಿ ಫಿಸಿಯೋಥೆರಪಿ ಮಾಡಿದರೂ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ಶಸ್ತ್ರಚಿಕಿತ್ಸಕರು ಆ ಪಟ್ಟಿಯನ್ನು ಹೊಲಿದು ಸರಿಪಡಿಸುತ್ತಾರೆ. ಅದೂ ಹೆರಿಗೆಯಾಗಿ ಕನಿಷ್ಠ ಒಂದು ವರ್ಷ ಕಳೆದ ಮೇಲೆ, ಇನ್ನು ಮಕ್ಕಳು ಬೇಡ ಅಂತ ನಿರ್ಧಾರವಾದ ಮೇಲೆ. ಇನ್ನೊಂದು ಬಸುರು ಬಂದರೆ ಹೊಲಿದದ್ದು ಮತ್ತೆ ಹಿಗ್ಗಬಹುದು.

ಹೊಕ್ಕುಳ ಹತ್ತಿರ ಒಂದೇ ಜಾಗದಲ್ಲಿ ಗಂಟಿನ ಹಾಗೆ ಹೊರಗೆ ಬರುತ್ತಿದ್ದರೆ ಅದು ಹರ್ನಿಯಾ ಇರಬಹುದು, ಡಾಕ್ಟರಿಗೆ ತೋರಿಸಿ. ಆ ಗಂಟು ಗಟ್ಟಿಯಾಗಿ, ಒತ್ತಿದರೂ ಒಳಗೆ ಹೋಗದೆ, ನೋವು ಅಥವಾ ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯದೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಯೋನಿಯಲ್ಲಿ ಭಾರ ಅನ್ನಿಸಿದರೆ, ಏನೋ ಕೆಳಗೆ ಇಳಿದ ಹಾಗಾದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಅದು ಗರ್ಭಕೋಶ ಜಾರುವ ಲಕ್ಷಣ ಇರಬಹುದು.

ಒಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಒಬ್ಬರ ಕೈಯಲ್ಲಿ ನೋಡಿಸಿಕೊಳ್ಳಿ. ನಿಮಗೆ ಕಲಬುರಗಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್ ಹತ್ತಿರ, ಬೀದರ್ ಕಡೆಯವರಿಗೆ ಅಲ್ಲಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್. ಎರಡೂ ಸರ್ಕಾರಿ ಆಸ್ಪತ್ರೆಗಳೇ. ಹೋದಾಗ ಬರೀ "ಸೊಂಟನೋವು" ಅಂತ ಚೀಟಿ ಬರೆಸಿದರೆ ಸೊಂಟಕ್ಕೆ ಶಾಖ ಕೊಟ್ಟು ಕಳಿಸುವ ಸಂಭವವೇ ಜಾಸ್ತಿ. ಹೆರಿಗೆಯಾಗಿ ಏಳು ತಿಂಗಳು, ಹೊಟ್ಟೆಯಲ್ಲಿ ಸಂದಿದೆ, ಕೆಮ್ಮಿದರೆ ಮೂತ್ರ ಹೋಗುತ್ತದೆ ಅಂತ ಮೂರನ್ನೂ ಬಾಯಿಬಿಟ್ಟು ಹೇಳಿ. ಮಹಿಳಾ ಥೆರಪಿಸ್ಟ್ ಬೇಕು ಅಂತ ಕೇಳುವುದಕ್ಕೂ ಸಂಕೋಚ ಬೇಡ.